ಹಿಂಡಬಾರದ ಅಂಗಿ

ಉಂಗುರದ ಅಣು ಚಪ್ಪಟೆಯಾಗಿರುವುದಿಲ್ಲ ಎಂಬುದನ್ನು ದಾಕ್ಷಾಯಣಿ ಏನಿಲ್ಲವೆಂದರೂ ಇನ್ನೂರು ಸಲ ಬೇರೆಯವರಿಗೆ ತಿಳಿಸಿಕೊಟ್ಟಿದ್ದಳು. ಮಂತ್ರಿಗಳಿಗೆ, ಕಾಲೇಜು ಹುಡುಗಿಯರಿಗೆ, ಟೀವಿಯವರಿಗೆ. ಅವಳ ಚೀಲದಲ್ಲಿ ಆರು ಮಣಿ ಪೋಣಿಸಿದ ತಂತಿಯ ಉಂಗುರ ಒಂದು ಸದಾ ಇರುತ್ತಿತ್ತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಶುರು ಮಾಡುತ್ತಿದ್ದಳು. "ಆರು ಇಂಗಾಲಗಳು ಕೈ ಕೈ ಹಿಡಿದು ಸುತ್ತ ನಿಂತಿವೆ. ಪುಸ್ತಕದಲ್ಲಿ ಚಪ್ಪಟೆಯಾಗಿ ಬರೆದಿರುತ್ತಾರೆ, ಅದು ಸುಳ್ಳು. ಹಾಗೆ ನಿಂತರೆ ಅದಕ್ಕೆ ಮೈಯೆಲ್ಲ ಸೆಟೆತ. ಒಂದು ತುದಿ ಮೇಲೆ, ಎದುರು ತುದಿ ಕೆಳಗೆ ಮಾಡಿಕೊಂಡರೆ ಕುರ್ಚಿಯ ಆಕಾರ, ಆಗ ನೆಮ್ಮದಿ. ಎರಡು ತುದಿಯನ್ನೂ ಮೇಲಕ್ಕೆತ್ತಿದರೆ ದೋಣಿ. ಕುರ್ಚಿ ದೋಣಿಯಾಗಬೇಕಾದರೆ ಶಾಖ ತಿನ್ನುತ್ತದೆ. ದೋಣಿ ಮತ್ತೆ ಕುರ್ಚಿಯಾದಾಗ ತಿಂದದ್ದನ್ನು ವಾಪಸು ಕೊಡುತ್ತದೆ. ಇಷ್ಟೇ ನೋಡಿ."

ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡಬಹುದಿತ್ತು. ಮೂರು ಇಂಗಾಲದ ಉಂಗುರ ಬಗ್ಗುವುದೇ ಇಲ್ಲ, ಹನ್ನೆರಡರದ್ದು ಹಳೇ ಹಗ್ಗದಂತೆ ಹೇಗೆ ಬೇಕಾದರೂ ಬಿದ್ದುಕೊಳ್ಳುತ್ತದೆ. ಆರರದ್ದು ಸರಿಯಾಗಿ ಬಗ್ಗುತ್ತದೆ, ಆದರೆ ಅದರ ಚಾಂಚಲ್ಯ ಹೇಳತೀರದು, ಸೆಕೆಂಡಿಗೆ ಲಕ್ಷ ಸಲ ಮಗುಚಿಕೊಳ್ಳುತ್ತದೆ. ತಿಂದ ಶಾಖವನ್ನು ಹಿಡಿದಿಟ್ಟುಕೊಳ್ಳುವುದು ಅದರ ಜಾಯಮಾನವಲ್ಲ. ದಾಕ್ಷಾಯಣಿ ಅದರ ಎರಡು ತುದಿಗೂ ಒಂದೊಂದು ಬಾಲ ಅಂಟಿಸಿದಳು. ದೋಣಿಯಾದಾಗ ಎರಡು ತುದಿಯೂ ಎದುರುಬದುರಾಗಿ ಮೇಲೇಳುತ್ತವಲ್ಲ, ಆಗ ಬಾಲಕ್ಕೆ ಬಾಲ ಸಿಕ್ಕಿಕೊಂಡು ಬಾಗಿಲಿಗೆ ಅಗಳಿ ಬಿದ್ದಂತಾಗುತ್ತಿತ್ತು. ತಣ್ಣೀರಿನಲ್ಲಿ ಎಂಟು ತಾಸು ನೆನೆಸಿಟ್ಟರೆ ಮಾತ್ರ ಅಗಳಿ ಮೆಲ್ಲಗೆ ಸಡಿಲವಾಗಿ ಶಾಖ ನೀರಿಗಿಳಿಯುತ್ತಿತ್ತು. ಅಂಥ ಉಂಗುರಗಳನ್ನು ಕೋಟಿ ಕೋಟಿ ತುಂಬಿಸಿ ನೇಯ್ದ ಅಂಗಿಗೆ ಸಂಶೋಧನಾಲಯದವರು ಇಟ್ಟ ಹೆಸರು ಉದ್ದವಾಗಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೆಂಗಸರು ಒಂದೇ ದಿನದಲ್ಲಿ ಅದನ್ನು 'ತಂಪಂಗಿ' ಮಾಡಿದರು.

ತಂಪಂಗಿ ಬಾರದಿದ್ದರೆ ಭಟ್ಟಿಗಳು ಮುಚ್ಚಿಹೋಗುತ್ತಿದ್ದವು. ಬೇಸಿಗೆ ನಲವತ್ತೇಳು ಡಿಗ್ರಿ ಮುಟ್ಟಿ ವರ್ಷಗಳಾಗಿದ್ದವು. ಬೆಂಕಿಯ ಮುಂದೆ ಆಳುಗಳನ್ನು ಬರಿಮೈಯಲ್ಲಿ ನಿಲ್ಲಿಸಬಾರದೆಂದು ಕಾಯ್ದೆ ಬಂದಿತ್ತು. ಯಂತ್ರದಲ್ಲಿ ಹುರಿದ ಮಂಡಕ್ಕಿ ಬಂತು, ಆದರೆ ಊರಿನವರು ಒಂದು ಮುಕ್ಕು ಬಾಯಿಗೆ ಹಾಕಿ "ಥೂ, ಥರ್ಮಾಕೋಲು!" ಎಂದುಬಿಟ್ಟರು. ಮಂಡಕ್ಕಿಯ ವಿಷಯದಲ್ಲಿ ದಾವಣಗೆರೆಯವರಿಗೆ ವಿಜ್ಞಾನಿಗಳು ಪಾಠ ಹೇಳುವಂತಿಲ್ಲ. ಹಾಗಾಗಿ ಕಾದ ಮರಳಿನ ಬಾಂಡ್ಲಿಯ ಮುಂದೆ ಮತ್ತೆ ಹೆಂಗಸರೇ ನಿಂತರು, ಮೈಮೇಲೆ ತಂಪಂಗಿ ತೊಟ್ಟುಕೊಂಡು. ಎದುರಿನ ಒಲೆಯ ಕಾವಿಗೂ ಬೆನ್ನ ಹಿಂದಿನ ಒಲೆಯ ಕಾವಿಗೂ ಹೊರಪದರ ಅರವತ್ತು ಡಿಗ್ರಿಗೆ ಬಂದೊಡನೆ ಉಂಗುರಗಳು ಒಂದೊಂದೇ ದೋಣಿಯಾಗುತ್ತ ಶಾಖ ತಿನ್ನುತ್ತಿದ್ದವು, ಒಳಗೆ ಮೈ ತಣ್ಣಗಿರುತ್ತಿತ್ತು. ಸಂಜೆ ಅಂಗಿಯನ್ನು ತೊಟ್ಟಿಗೆ ಹಾಕಿದರೆ ನೀರು ಬೆಚ್ಚಗಾಗುತ್ತಿತ್ತು. ಆ ನೀರಿನಲ್ಲಿ ಮಕ್ಕಳಿಗೆ ಎರೆಯಬಹುದೆಂದು ಕಂಡುಹಿಡಿದವರು ಭಟ್ಟಿಯ ಹೆಂಗಸರೇ, ಅದು ಯಾವ ವರದಿಯಲ್ಲೂ ಇರಲಿಲ್ಲ.

ಅಂಗಿ ಹಂಚಿದ ದಿನ ದಾಕ್ಷಾಯಣಿ ವೇದಿಕೆಯ ಮೇಲಿದ್ದಳು. ಕೆಳಗೆ ಹೆಂಗಸರ ಗುಂಪಿನಲ್ಲಿ ಅವಳ ಒಡಹುಟ್ಟಿದ ಅಕ್ಕ ಕರಿಬಸಮ್ಮ ಇದ್ದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಅಕ್ಕನೇ ಮೊದಲು ಮುಖ ತಿರುಗಿಸಿ, ಪಕ್ಕದವಳ ಜೊತೆ ಮಾತಿಗೆ ನಿಂತಳು. ತಂಗಿಗೆ ಮುಜುಗರವಾಗಬಾರದೆಂದು ಅವಳು ಹಾಗೆ ಮಾಡಿದ್ದು ದಾಕ್ಷಾಯಣಿಗೆ ಗೊತ್ತಾಯಿತು. ಗೊತ್ತಾಗಿ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಸಂಶೋಧನಾಲಯದಲ್ಲಿ ಅವಳು ಭಟ್ಟಿಯ ಮಗಳೆಂದು ಯಾರಿಗೂ ತಿಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಚಹಾದ ಹೊತ್ತಿನಲ್ಲಿ ಯಾರೋ ಮಂಡಕ್ಕಿ ಪೊಟ್ಟಣ ಬಿಚ್ಚಿ, "ಇದಕ್ಕೆ ಉಪ್ಪು ಬೇರೆ ಹಾಕೋದಿಲ್ಲವಂತೆ, ಭಟ್ಟಿಯವರ ಬೆವರೇ ಸಾಕಂತೆ" ಎಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. "ನಿಮ್ಮ ತಂದೆ ಏನು ಮಾಡ್ತಿದ್ರು?" ಎಂದು ಇನ್ಯಾರೋ ಕೇಳಿದಾಗ ಅವಳ ಬಾಯಿಂದ ತಾನೇ ತಾನಾಗಿ ಬಂತು, "ಅಕ್ಕಿ ವ್ಯಾಪಾರ." ಅಪ್ಪ ಅಕ್ಕಿಯ ಸಹವಾಸದಲ್ಲೇ ಸತ್ತದ್ದು ನಿಜ, ಮೂವತ್ತು ವರ್ಷ ಅದನ್ನು ಮರಳಿನಲ್ಲಿ ಹುರಿದು ಹುರಿದು.

ಇಷ್ಟು ಸುಳ್ಳನ್ನು ದೇವರೂ ಕ್ಷಮಿಸುತ್ತಿದ್ದನೇನೋ. ಆದರೆ ಅದರ ಮೇಲೆ ಇನ್ನೊಂದು ಬಂದು ಕೂತಿತು. ಅಂಗಿ ತಯಾರಾಗುವ ಮುಂಚಿನ ಕೊನೆಯ ಸಭೆಯದು. ನಿರ್ದೇಶಕ ಡಾಕ್ಟರ್ ಪುರಾಣಿಕರು ಒಳ್ಳೆಯ ಮನುಷ್ಯ, ಕೇಳಬೇಕಾದ್ದನ್ನು ಕೇಳಿದರು.

"ಖಾಲಿ ಅಂಗೀನ ತಿರುಚಿ ನೋಡಿದ್ದೀವಿ, ಏನೂ ಆಗಿಲ್ಲ. ಶಾಖ ತುಂಬಿದ ಅಂಗೀನೂ ತಿರುಚಿ ನೋಡಬೇಕಾ? ಅದಕ್ಕೆ ಇನ್ನೂ ನಾಲ್ಕು ತಿಂಗಳು ಬೇಕು, ಬೇಸಿಗೆ ಮುಗಿದೇ ಹೋಗುತ್ತೆ. ಕೆಲಸ ಮುಗಿದ ಮೇಲೆ ಅದು ನೇರ ತೊಟ್ಟಿಗೆ ಹೋಗುತ್ತಲ್ಲ, ಹಿಂಡೋರು ಯಾರು? ಒಬ್ಬರು ತೊಟ್ಟದ್ದನ್ನ ಇನ್ನೊಬ್ಬರು ತೊಡೋ ಪದ್ಧತಿ ಇದ್ದರೆ ಬೇರೆ ಮಾತು. ಹಂಗೇನಾದ್ರೂ ಇದೆಯೇನ್ರೀ?" ಎಂದು ಸುತ್ತ ನೋಡಿ ನಕ್ಕರು. "ಇಲ್ಲಿ ಭಟ್ಟಿ ಕಡೆಯವರು ಯಾರಾದ್ರೂ ಇದ್ದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದಾಕ್ಷಾಯಣಿಯ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು, ಸೆರಗು ಸರಿಮಾಡಿಕೊಳ್ಳುವವಳಂತೆ.

ಪದ್ಧತಿ ಇತ್ತು. ಭಟ್ಟಿಯಲ್ಲಿ ಪ್ರತಿ ಒಲೆಗೂ ಒಂದು 'ಜೋಡಿ' ಇರುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬಳು, ಅಲ್ಲಿಂದ ಸಂಜೆಯವರೆಗೆ ಇನ್ನೊಬ್ಬಳು. ಹಾಜರಿ ಪುಸ್ತಕದಲ್ಲಿ ಮಾತ್ರ ಇಬ್ಬರಿಗೂ ಸೇರಿ ಒಂದೇ ಹೆಸರು. ಹಿಂದೆ ಅವ್ವ ಮತ್ತು ಹನುಮಕ್ಕನ ಅವ್ವ ಜೋಡಿ, ಈಗ ಹನುಮಕ್ಕ ಮತ್ತು ಕರಿಬಸಮ್ಮ. ಆಗ ತಂಪಂಗಿ ಎಲ್ಲಿತ್ತು? ನೀರಲ್ಲಿ ಅದ್ದಿದ ಗೋಣಿತಾಟೇ ಎದೆಗೆ ಕಟ್ಟಿಕೊಳ್ಳುವ ಕವಚ. ಒಬ್ಬಳು ಬಿಚ್ಚಿ ಇನ್ನೊಬ್ಬಳಿಗೆ ಕೊಡುವ ಮುಂಚೆ ಮೂರು ಸಲ ಗಟ್ಟಿಯಾಗಿ ಹಿಂಡಿ, ಝಾಡಿಸಿ ಕೊಡಬೇಕು. ತನ್ನ ಬೆವರನ್ನು ಇನ್ನೊಬ್ಬಳ ಮೈಗೆ ಹಚ್ಚುವುದು ಭಟ್ಟಿಯಲ್ಲಿ ದೊಡ್ಡ ಅಮರ್ಯಾದೆ. ಎದುರಿಗಿದ್ದವರನ್ನು "ಬಾ, ಉಣ್ಣು" ಎಂದು ಕರೆಯದೆ ಬುತ್ತಿ ಬಿಚ್ಚುವುದು ಎಷ್ಟು ತಪ್ಪೋ ಅಷ್ಟೇ ತಪ್ಪು. ದಾಕ್ಷಾಯಣಿ ಏಳು ವರ್ಷದವಳಿದ್ದಾಗಲೇ ಅವ್ವನ ಗೋಣಿತಾಟಿನ ಇನ್ನೊಂದು ತುದಿ ಹಿಡಿದು ಹಿಂಡಲು ನೆರವಾಗಿದ್ದಳು.

ಹೇಳಬೇಕೆಂದರೆ ಒಂದೇ ಮಾತು. ಆದರೆ ಆ ಮಾತಿನ ಹಿಂದೆಯೇ "ನಿಮಗೆ ಹೇಗೆ ಗೊತ್ತು?" ಬರುತ್ತದೆ. ಅವಳು ತಂತಿಯ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ ಸುಮ್ಮನೆ ಕೂತಳು. ಸಭೆಯ ನಡಾವಳಿಯಲ್ಲಿ ಬರೆದರು: ಒಬ್ಬ ಕೆಲಸಗಾರ್ತಿಗೆ ಒಂದು ಅಂಗಿ, ಹಿಂಡುವ ಸಂಭವವಿಲ್ಲ. ಯಾವುದಕ್ಕೂ ಇರಲಿ ಎಂದು ಕೊರಳಪಟ್ಟಿಯ ಒಳಗಿನ ಚೀಟಿಯಲ್ಲಿ 'ಹಿಂಡಬಾರದು' ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಅಂಗಿಗೆ ಹೊಲಿದ ಚೀಟಿ ಓದಿ ಬಟ್ಟೆ ಒಗೆದವರು ಈ ಭೂಮಿಯ ಮೇಲೆ ಯಾರಿದ್ದಾರೋ ತಿಳಿಯದು.

ಯುಗಾದಿ ಕಳೆದು ಹತ್ತು ದಿನಕ್ಕೆ, ಬುಧವಾರ ಮಧ್ಯಾಹ್ನ, ಸಂಶೋಧನಾಲಯಕ್ಕೆ ಫೋನು ಬಂತು. ಭಟ್ಟಿಯಲ್ಲಿ ಒಬ್ಬ ಹೆಂಗಸಿನ ಬೆನ್ನು ಸುಟ್ಟಿದೆ, ಬೆಂಕಿಯಿಂದಲ್ಲ, ಅಂಗಿಯಿಂದ. ಹೆಸರು ಕರಿಬಸಮ್ಮ. ದಾಕ್ಷಾಯಣಿ ಫೋನಿಟ್ಟು ಆಸ್ಪತ್ರೆಗೆ ಓಡಲಿಲ್ಲ. ಪ್ರಯೋಗಾಲಯಕ್ಕೆ ಹೋದಳು. ಓಡಿದರೆ ಏಕೆ ಓಡಿದೆಯೆಂದು ಕೇಳುತ್ತಾರೆಂಬ ಭಯ ಆ ಗಳಿಗೆಯಲ್ಲೂ ಇತ್ತು.

ಪ್ರಯೋಗಾಲಯದ ಸಹಾಯಕ ಫಿರೋಜ್ ಒಂದು ಅಂಗಿಯನ್ನು ಕಾವಿನ ಪೆಟ್ಟಿಗೆಯಲ್ಲಿ ನಾಲ್ಕು ತಾಸು ಇಟ್ಟು ಅರ್ಧ ತುಂಬಿಸಿದ. ಹೊರಗೆ ತೆಗೆದಾಗ ಅದರ ಮೈ ಕೋಣೆಯಷ್ಟೇ ತಣ್ಣಗೆ, ಮುಗ್ಧವಾಗಿ ಇತ್ತು. ದಾಕ್ಷಾಯಣಿ ಬೆವರಿನ ಲೆಕ್ಕಕ್ಕೆ ಒಳಪದರಕ್ಕೆ ನೀರು ಚಿಮುಕಿಸಿದಳು.

"ಆ ತುದಿ ಹಿಡ್ಕೊ ಫಿರೋಜ್. ಹಿಂಡು. ಮೂರು ಸಲ."

"ಮೂರೇ ಯಾಕೆ ಮೇಡಂ?"

ಅವಳು ಆಗಲೇ ತನ್ನ ತುದಿಯನ್ನು ತಿರುಚತೊಡಗಿದ್ದಳು. ಇಬ್ಬರೂ ಹಿಂಡಿದರು, ಝಾಡಿಸಿದರು, ಮೇಜಿನ ಮೇಲೆ ಹಾಸಿದರು. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮಡಿಕೆ ಬಿದ್ದ ಜಾಗದಿಂದ ಶುರುವಾಯಿತು. ನಲವತ್ತು, ನಲವತ್ತೆಂಟು, ಐವತ್ತೈದು, ಅರವತ್ತು. ಒಳಪದರದ ತೇವದಿಂದ ಹಬೆ ಏಳುತ್ತಿತ್ತು. ತಿರುಚಿದ ದೋಣಿಯಲ್ಲಿ ಎರಡು ತುದಿಗಳೂ ಒಂದರಿಂದೊಂದು ಅತ್ತ ಸರಿಯುತ್ತವೆ, ಸಿಕ್ಕಿಕೊಂಡ ಬಾಲ ಕಳಚುತ್ತದೆ. ಒಂದು ಕಳಚಿದರೆ ಅದರ ಶಾಖಕ್ಕೆ ಪಕ್ಕದ್ದು. ಇದನ್ನು ತಿಳಿಯಲು ನಾಲ್ಕು ತಿಂಗಳೇನೂ ಬೇಕಾಗಿರಲಿಲ್ಲ, ಗೋಣಿತಾಟು ಹಿಂಡಿ ಗೊತ್ತಿದ್ದವಳು ಒಬ್ಬಳು ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಫಿರೋಜ್ ಉಷ್ಣಮಾಪಕ ನೋಡಿ ಬೆಪ್ಪಾದ. "ಇದನ್ನ ತೊಟ್ಟು, ಬೆನ್ನ ಹಿಂದೆ ಲಾಡಿ ಕಟ್ಟಿಸ್ಕೊಂಡಿದ್ರೆ... ಬಿಚ್ಚೋಕೂ ಆಗ್ತಿರಲಿಲ್ಲ ಅಲ್ವಾ ಮೇಡಂ?"

ಅವಳು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತಳು.

ಮರುದಿನ ಆಸ್ಪತ್ರೆಗೆ ಹೋದಾಗ ಕರಿಬಸಮ್ಮ ಬೋರಲು ಮಲಗಿದ್ದಳು. ಬೆನ್ನ ಮೇಲೆ ಬಟ್ಟೆ ತಗುಲದಂತೆ ಕಮಾನು ಕಟ್ಟಿದ್ದರು. ಮುಖ ಒಂದು ಮಗ್ಗುಲಿಗಿತ್ತು. ತಂಗಿಯ ಚಪ್ಪಲಿ ಕಂಡೊಡನೆ ಗುರುತು ಹಿಡಿದಳು.

"ಯಾಕೆ ಬಂದ್ಯೇ? ಯಾರಾದ್ರೂ ನೋಡ್ತಾರೆ. ತನಿಖೆಯೋರು ಬಂದಿದ್ರು. ನಿನ್ನ ಹೆಸರು ನಾನು ಎತ್ತಿಲ್ಲ, ಹೆದರಬ್ಯಾಡ."

ದಾಕ್ಷಾಯಣಿ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಳು.

"ಹನುಮಿದೇನೂ ತಪ್ಪಿಲ್ಲ," ಎಂದಳು ಅಕ್ಕ. "ಆಕಿ ಪಾಪ ಒಂದು ತಿಂಗಳು ಹಿಂಡದೇನೇ ಕೊಟ್ಲು. ಚೀಟಿ ಮ್ಯಾಲೆ ಬರ್ದೈತೆ, ಬ್ಯಾಡ ಅಂತ. ನನ್ನ ಬೆವರು ನಿಂಗೆ ತೊಡಿಸ್ತೀನಲ್ಲೇ ಅಂತ ದಿನಾ ತಲೆ ತಗ್ಗಿಸಿ ಕೊಡಾಳು. ನಿನ್ನೆ ಅದು ತೊಟ್ಟಿಕ್ತಿತ್ತು. ನಾನೇ ಅಂದೆ, ಹಿಂಡೇ, ಏನಾಗಲ್ಲ ಅಂತ."

"ನೀನ್ಯಾಕೆ ಹಂಗಂದಿ ಅಕ್ಕಾ?"

ಕರಿಬಸಮ್ಮ ಕತ್ತು ಸ್ವಲ್ಪ ಎತ್ತಿ ತಂಗಿಯನ್ನು ನೋಡಿದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಇನ್ನೇನನ್ನಲಿ? ಬ್ಯಾರೆ ಯಾರೋ ಮಾಡಿದ್ದಾಗಿದ್ರೆ ನಾನೂ ಹೆದರ್ತಿದ್ದೆ. ಇದು ನಮ್ಮ ದಾಕ್ಷಿ ಮಾಡಿದ್ದು, ಆಕಿಗೆ ನಮ್ಮ ಜೋಡಿ ಗೊತ್ತಿಲ್ವಾ, ನಾವು ಹಿಂಡೋದು ಗೊತ್ತಿಲ್ವಾ, ಎಲ್ಲಾ ಲೆಕ್ಕ ಹಾಕೇ ಮಾಡಿರ್ತಾಳೆ ಅಂದೆ."

ಪಕ್ಕದ ಹಾಸಿಗೆಯವರು ಯಾರಿಗೋ ಎಳನೀರು ಕೊಡುತ್ತಿದ್ದರು. ದಾಕ್ಷಾಯಣಿ ಅದನ್ನೇ ನೋಡುತ್ತ ನಿಂತಳು. ಅಕ್ಕನ ಬೆನ್ನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಹೊರಟಾಗ ವಾರ್ಡಿನ ಬಾಗಿಲ ಬಳಿ ನೆಲದ ಮೇಲೆ ಹನುಮಕ್ಕ ಕೂತಿದ್ದಳು, ಬುತ್ತಿಗಂಟು ಪಕ್ಕಕ್ಕಿಟ್ಟು, ಎರಡೂ ಅಂಗೈಯನ್ನು ಮೇಲೆ ಮಾಡಿಕೊಂಡು. ಅವಳಿಗೂ ಏನೂ ಹೇಳದೆ ದಾಕ್ಷಾಯಣಿ ದಾಟಿ ಹೋದಳು.

ಶುಕ್ರವಾರ ಸಭೆ ಸೇರಿತು. ವರದಿ ಸಿದ್ಧವಾಗಿತ್ತು, ಅಂಗಿ ರೂಪಿಸಿದ ದಾಕ್ಷಾಯಣಿಯ ಸಹಿ ಒಂದೇ ಬಾಕಿ. ಪುರಾಣಿಕರು ಓದಿದರು. ಅಂಗಿಯಲ್ಲಿ ದೋಷವಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದ ಕರಿಬಸಮ್ಮ ಎಂಬಾಕೆ ಹನುಮಕ್ಕ ಎಂಬಾಕೆಗೆ ಕೊಟ್ಟ ಅಂಗಿಯನ್ನು ಅಕ್ರಮವಾಗಿ ತೊಟ್ಟಿದ್ದಾಳೆ. ಹನುಮಕ್ಕ ಸೂಚನೆ ಮೀರಿ ಅದನ್ನು ಹಿಂಡಿದ್ದಾಳೆ. ಇಬ್ಬರನ್ನೂ ಭಟ್ಟಿಯಿಂದ ಬಿಡಿಸಬೇಕು, ಇವರ ಹೆಸರನ್ನು ಎಚ್ಚರಿಕೆಗಾಗಿ ಎಲ್ಲ ಭಟ್ಟಿಗಳ ಬಾಗಿಲಿಗೂ ಅಂಟಿಸಬೇಕು.

"ನನಗೂ ಕೆಟ್ಟದನಿಸ್ತಿದೆ," ಎಂದರು ಪುರಾಣಿಕರು. "ಆದರೆ ಇಂಥ ಪದ್ಧತಿ ಇದೆ ಅಂತ ನಮಗೆ ಯಾರು ಹೇಳಿದ್ರು? ಗೊತ್ತಿಲ್ಲದ್ದಕ್ಕೆ ನಾವು ಹೊಣೆಯಾಗೋಕಾಗುತ್ತಾ? ಸಹಿ ಮಾಡಿ ದಾಕ್ಷಾಯಣಿ."

ಅವಳು ಪೆನ್ನು ಹಿಡಿದಳು. ಸಹಿ ಮಾಡಿದರೆ ಎಲ್ಲವೂ ನೆಟ್ಟಗಿರುತ್ತದೆ. ಅಕ್ಕನೂ ಬಾಯಿ ಬಿಡುವವಳಲ್ಲ, ಸಾಯುವವರೆಗೆ ಮುಖ ತಿರುಗಿಸಿಕೊಂಡೇ ತಂಗಿಯನ್ನು ಕಾಪಾಡುತ್ತಾಳೆ. ಅದೊಂದು ಯೋಚನೆಯೇ ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಪೆನ್ನು ಕೆಳಗಿಟ್ಟಳು.

"ನನಗೆ ಗೊತ್ತಿತ್ತು ಸರ್."

"ಏನು ಗೊತ್ತಿತ್ತು?"

"ಜೋಡಿ ಪದ್ಧತಿ. ಹಿಂಡಿ ಕೊಡೋದು. ಅವತ್ತು ನೀವು ಕೇಳಿದಾಗಲೇ ಗೊತ್ತಿತ್ತು. ನಾನು ಭಟ್ಟಿಯವಳು ಸರ್. ನಮ್ಮಪ್ಪಂದು ಅಕ್ಕಿ ವ್ಯಾಪಾರ ಅಲ್ಲ, ಮಂಡಕ್ಕಿ ಹುರೀತಿದ್ರು. ಸುಟ್ಟುಕೊಂಡಿರೋ ಕರಿಬಸಮ್ಮ ನಮ್ಮಕ್ಕ."

ಪುರಾಣಿಕರು ಕನ್ನಡಕ ತೆಗೆದರು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರು ಮಗುವನ್ನು ಕೇಳುವಂತೆ ಮೆಲ್ಲಗೆ ಕೇಳಿದರು. "ಮತ್ತೆ ಯಾಕಮ್ಮ ಹೇಳಲಿಲ್ಲ?"

"ನಾಚಿಕೆಯಾಯ್ತು," ಎಂದಳು.

ಅಷ್ಟು ದೊಡ್ಡ ಕೋಣೆಯಲ್ಲಿ ಆ ಕಾರಣ ಎಷ್ಟು ಪುಟ್ಟದಾಗಿ ಕೇಳಿಸಿತೆಂದರೆ ಅವಳಿಗೆ ಮತ್ತೊಮ್ಮೆ ನಾಚಿಕೆಯಾಯಿತು. ಯಾರೋ ಕುರ್ಚಿ ಸರಿಸಿದರು. ಅವಳು ವರದಿಯ ಕೊನೆಯ ಪುಟ ಮಗುಚಿ, ಅದರ ಬೆನ್ನಿಗೆ ತನ್ನ ಕೈಯಾರೆ ಬರೆದಳು. ಅಂಗಿಯಲ್ಲಿ ದೋಷವಿದೆ. ತುಂಬಿದ ಅಂಗಿಯನ್ನು ತಿರುಚಿ ಪರೀಕ್ಷಿಸಿಲ್ಲ. ಬಳಸುವವರ ಪದ್ಧತಿ ಗೊತ್ತಿದ್ದೂ ಅಂಗಿ ರೂಪಿಸಿದವಳು ಮುಚ್ಚಿಟ್ಟಳು. ಎಲ್ಲ ಅಂಗಿಗಳನ್ನೂ ಇವತ್ತೇ ವಾಪಸು ಪಡೆಯಬೇಕು. ಕೆಳಗೆ ಸಹಿ ಹಾಕಿ ಕಾಗದವನ್ನು ಪುರಾಣಿಕರ ಕಡೆಗೆ ಸರಿಸಿದಳು. ಅವರು ಬಹಳ ಹೊತ್ತು ಓದಿದರು. ಕೊನೆಗೆ ಫೋನೆತ್ತಿ, ಭಟ್ಟಿಗಳಿಗೆ ಹೇಳಿಕಳಿಸಲು ಆಜ್ಞೆ ಕೊಟ್ಟರು. ಅವಳ ಕಡೆ ನೋಡದೆ, "ನೀವು ನಾಳೆಯಿಂದ ಬರಬೇಡಿ," ಎಂದರು.

ಮಧ್ಯಾಹ್ನವೇ ಅವಳು ಆಸ್ಪತ್ರೆಗೆ ಹೋಗಿ ಅಕ್ಕನ ಮುಖ ಕಾಣುವಂತೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಚಹಾದ ಹೊತ್ತಿನ ನಗು, ಸಭೆ, ಹೆಗಲಿಗೆ ಹೋದ ಕೈ, ಒಂದನ್ನೂ ಬಿಡಲಿಲ್ಲ. ಕರಿಬಸಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಪ್ಪ ಏನು ಮಾಡ್ತಿದ್ದ ಅಂದಿದ್ದೆ?"

"ಅಕ್ಕಿ ವ್ಯಾಪಾರ."

ಅಕ್ಕ ಬಲು ಕಷ್ಟದಿಂದ ಕತ್ತನ್ನು ಆ ಕಡೆಯ ಮಗ್ಗುಲಿಗೆ ಹೊರಳಿಸಿದಳು. ವೇದಿಕೆಯ ದಿನ ತಿರುಗಿಸಿದ್ದು ತಂಗಿಗಾಗಿ. ಇವತ್ತಿನದು ತನಗಾಗಿ.

"ಸಾಹೇಬರ ಮುಂದೆ ಹೇಳಿದ್ದಾತು, ನನ್ನ ಮುಂದೂ ಹೇಳಿದ್ದಾತು," ಎಂದಳು ಗೋಡೆಗೆ. "ಹೊರಗೆ ಹನುಮಿ ಕುಂತವ್ಳೆ. ಮೂರು ದಿನದಿಂದ ಒಂದು ತುತ್ತು ಉಂಡಿಲ್ಲ. ಈ ಕೈಯಾಗೆ ಹೆಂಗೆ ಉಣ್ಲಿ ಅಂತಾಳೆ. ಆಕಿಗೆ ಹೋಗಿ ಹೇಳು."

ದಾಕ್ಷಾಯಣಿ ಎದ್ದು ಬಾಗಿಲಿಗೆ ಬಂದಳು. ಹನುಮಕ್ಕ ಅಲ್ಲೇ ಇದ್ದಳು, ಬುತ್ತಿಗಂಟೂ ಅಲ್ಲೇ ಇತ್ತು. ಚಿಕ್ಕವಳಿದ್ದಾಗ ತನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಹೆಂಗಸು. ದಾಕ್ಷಾಯಣಿ ಅವಳ ಎದುರು ಕೂತಳು. ಉಂಗುರದ ಮಾತನ್ನು ಇನ್ನೂರು ಸಲ ಹೇಳಿದ್ದವಳಿಗೆ ಇಲ್ಲಿ ತಂತಿಯೂ ಮಣಿಯೂ ನೆನಪಾಗಲಿಲ್ಲ.

"ಹನುಮಕ್ಕಾ, ಅಂಗಿ ಹಿಂಡಿದ್ರೆ ಸುಡ್ತೈತೆ ಅಂತ ಪರೀಕ್ಷೆ ಮಾಡಿ ತಿಳ್ಕೋಬೇಕಾಗಿತ್ತು. ನೀವು ಹಿಂಡ್ತೀರಿ ಅಂತ ನಂಗೆ ಗೊತ್ತಿತ್ತು. ಕೇಳಿದಾಗ ಹೇಳಲಿಲ್ಲ. ಭಟ್ಟಿಯವಳು ಅಂತ ತಿಳಿದುಬಿಡ್ತೈತೆ ಅಂತ ಹೇಳಲಿಲ್ಲ."

ಹನುಮಕ್ಕ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. "ಹಂಗಾರೆ ನನ್ನ ಕೈದು ತಪ್ಪಿಲ್ಲಾ?"

"ಇಲ್ಲ ಹನುಮಕ್ಕಾ. ನನ್ನ ಬಾಯಿದು ತಪ್ಪು."

ಹನುಮಕ್ಕ ಎದ್ದು ಮೂಲೆಯ ನಲ್ಲಿಗೆ ಹೋಗಿ ಮೊಣಕೈವರೆಗೂ ತೊಳೆದುಕೊಂಡು ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು ಗಂಟು ಬಿಚ್ಚಿದಳು. ಒಣಗಿ ಸೆಟೆದ ಎರಡು ರೊಟ್ಟಿ, ಚಟ್ನಿಪುಡಿ, ಒಂದು ಹಿಡಿ ಮಂಡಕ್ಕಿ. ಎದುರಿಗೆ ಒಂದು ಮೊಳ ದೂರದಲ್ಲಿ ದಾಕ್ಷಾಯಣಿ ಕೂತೇ ಇದ್ದಳು, ಕರೆಯುತ್ತಾಳೆಂದು ಕಾಯುತ್ತ. ಹನುಮಕ್ಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ತಿನ್ನತೊಡಗಿದಳು. ಅವಳು ಕರೆಯಲಿಲ್ಲ.